ಕುಂತಲ್ಲಿ ಕೂಡಲಾಗದ ಜೀವ: ಚಡಪಡಿಕೆಗೂ ಉಂಟು ಅಳತೆಗೋಲು

‘ಜೀವಕ್ಕ ಸಮಾಧಾನ ಇಲ್ರಿ’, ‘ಎದಿಯೊಳಗ ಏನೋ ಕುದ್ಯಾಕತ್ತೈತಿ’, ‘ಕುಂತಲ್ಲಿ ಕುಂಡ್ರಾಕ ಆಗವಲ್ದು’. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮನೆಗಳಲ್ಲಿ ಈ ಮಾತುಗಳು ಹೊಸವಲ್ಲ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಹೇಳುತ್ತಾರೆ. ಕಬ್ಬಿನ ಬಿಲ್ಲು ತಡವಾದಾಗ ಅಪ್ಪ ಹೇಳುತ್ತಾನೆ. ರಾತ್ರಿ ನಿದ್ದೆ ಬಾರದ ಅಜ್ಜಿ ಹೇಳುತ್ತಾಳೆ. ಕೇಳಿದವರು ‘ಸುಮ್ಮ ಕುಂಡ್ರು, ಎಲ್ಲಾ ಸರಿಹೋಗತೈತಿ’ ಎಂದು ಸಮಾಧಾನ ಮಾಡಿ ತಮ್ಮ ಕೆಲಸಕ್ಕೆ ಹೋಗುತ್ತಾರೆ.

ಬಹಳಷ್ಟು ಸಲ ಅದು ನಿಜವಾಗಿಯೂ ಸರಿಹೋಗುತ್ತದೆ. ಆದರೆ ಕೆಲವೊಮ್ಮೆ ಹೋಗುವುದಿಲ್ಲ. ಜ್ವರ ಬಂದರೆ ಥರ್ಮಾಮೀಟರ್ ಇದೆ, ರಕ್ತದ ಒತ್ತಡಕ್ಕೆ ತೋಳಿಗೆ ಕಟ್ಟುವ ಪಟ್ಟಿ ಇದೆ. ಮನಸ್ಸಿನ ಚಡಪಡಿಕೆಯನ್ನು ಯಾವುದರಿಂದ ಅಳೆಯುವುದು? ಅಳೆಯುವ ಅಗತ್ಯವಾದರೂ ಏನು? ವಿದ್ಯಾರ್ಥಿಗಳಿಗೂ ಪಾಲಕರಿಗೂ ಈ ಪ್ರಶ್ನೆ ಮುಖ್ಯವಾದದ್ದು. ಏಕೆಂದರೆ ಹೊರಗಿನಿಂದ ಒಂದೇ ತೆರನಾಗಿ ಕಾಣುವ ಚಡಪಡಿಕೆಗೆ ಒಳಗೆ ಹತ್ತಾರು ಕಾರಣಗಳಿರುತ್ತವೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗಬಹುದು.

ಮೂರು ಮನೆ, ಮೂರು ಚಡಪಡಿಕೆ

ವಿಷಯ ಸ್ಪಷ್ಟವಾಗಲೆಂದು ಮೂರು ಮನೆಗಳನ್ನು ಕಲ್ಪಿಸಿಕೊಳ್ಳೋಣ. ಇವು ಉದಾಹರಣೆಗಳೇ ಹೊರತು ಯಾರದೇ ಮನೆಯ ಕಥೆಯಲ್ಲ.

ಗೋಕಾಕದ ಒಂದು ಮನೆ. ಮಗ ಪಿಯುಸಿ ಎರಡನೇ ವರ್ಷ, ವಿಜ್ಞಾನ ವಿಭಾಗ. ಹದಿನೈದು ದಿನಗಳಿಂದ ಪುಸ್ತಕ ಹಿಡಿದು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಾನೆ. ಉಗುರು ಕಚ್ಚುತ್ತಾನೆ. ಊಟಕ್ಕೆ ಕೂತರೆ ಅರ್ಧಕ್ಕೇ ಏಳುತ್ತಾನೆ. ‘ಫೇಲಾದರ ಹ್ಯಾಂಗ?’ ಎಂಬ ಒಂದೇ ಚಿಂತೆ.

ಮೂಡಲಗಿಯ ಇನ್ನೊಂದು ಮನೆ. ಮಗಳು ಪದವಿ ಓದುತ್ತಿದ್ದಳು. ಯಾರೂ ಇಲ್ಲದಾಗ ಕಿವಿಯಲ್ಲಿ ಮಾತು ಕೇಳಿಸತೊಡಗಿ, ಮನೋವೈದ್ಯರಲ್ಲಿ ತೋರಿಸಿ ಮೂರು ವಾರವಾಯಿತು. ಗುಳಿಗೆಯಿಂದ ಆ ದನಿಗಳು ತಗ್ಗಿವೆ. ಆದರೆ ಈಗ ಹೊಸ ಕಾಟ ಶುರುವಾಗಿದೆ. ಕುಳಿತರೆ ಕಾಲು ಅಲ್ಲಾಡಿಸುತ್ತಾಳೆ, ನಿಂತರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾಳೆ, ರಾತ್ರಿಯೆಲ್ಲ ಪಡಸಾಲೆಯಲ್ಲಿ ತಿರುಗುತ್ತಾಳೆ. ‘ರೋಗ ಮತ್ತ ಜಾಸ್ತಿ ಆತು, ಗುಳಿಗಿ ಹೆಚ್ಚ ಮಾಡಸೂಣು’ ಎನ್ನುತ್ತಾರೆ ಮನೆಯವರು.

ಹುಕ್ಕೇರಿಯ ಮೂರನೆಯ ಮನೆ. ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದ ಅಪ್ಪ ಮಕ್ಕಳ ಮೇಲೆ ಆಣೆಯಿಟ್ಟು ಒಮ್ಮೆಲೇ ಕುಡಿತ ಬಿಟ್ಟಿದ್ದಾನೆ. ಎರಡನೆಯ ದಿನಕ್ಕೆ ಕೈ ನಡುಗುತ್ತಿವೆ, ಮೈ ಬೆವರುತ್ತಿದೆ, ಹಾಸಿಗೆಯಲ್ಲಿ ನಿಲ್ಲದೆ ಏಳುತ್ತಾನೆ, ಮಲಗುತ್ತಾನೆ.

ಮೂವರೂ ಚಡಪಡಿಸುತ್ತಿದ್ದಾರೆ. ಆದರೆ ಮೊದಲನೆಯದು ಆತಂಕ. ಎರಡನೆಯದು ಬಹುಮಟ್ಟಿಗೆ ಔಷಧಿಯ ಅಡ್ಡಪರಿಣಾಮ. ವೈದ್ಯರು ಇದನ್ನು ಅಕಥೀಸಿಯಾ ಎನ್ನುತ್ತಾರೆ. ಮೂರನೆಯದು ಮದ್ಯ ನಿಂತಾಗ ದೇಹ ಏಳಿಸುವ ಗಲಾಟೆ. ಗೋಕಾಕದ ಹುಡುಗನಿಗೆ ಧೈರ್ಯದ ಮಾತು, ನಿದ್ದೆ ಮತ್ತು ಓದಿನ ವೇಳಾಪಟ್ಟಿ ಬಹಳ ಮಟ್ಟಿಗೆ ಸಾಕಾಗಬಹುದು. ಮೂಡಲಗಿಯ ಹುಡುಗಿಗೆ ಗುಳಿಗೆ ಹೆಚ್ಚಿಸಿದರೆ ಸಂಕಟವೂ ಹೆಚ್ಚುತ್ತದೆ. ಅವಳಿಗೆ ಬೇಕಾದದ್ದು ವೈದ್ಯರು ಪ್ರಮಾಣ ಇಳಿಸುವುದು ಅಥವಾ ಔಷಧಿ ಬದಲಿಸುವುದು. ಹುಕ್ಕೇರಿಯ ಅಪ್ಪನಿಗೆ ಅದೇ ದಿನ ಆಸ್ಪತ್ರೆ ಬೇಕು. ಕುಡಿತ ನಿಂತ ಎರಡು-ನಾಲ್ಕು ದಿನಗಳಲ್ಲಿ ಫಿಟ್ಸ್, ಗುರುತು ತಪ್ಪುವ ಸನ್ನಿ ಬರಬಹುದು. ಅದು ಪ್ರಾಣಕ್ಕೆ ಅಪಾಯ.

ಪಟ್ಟಿ ಇಷ್ಟಕ್ಕೇ ಮುಗಿಯುವುದಿಲ್ಲ. ಖಿನ್ನತೆ ಎಂದರೆ ಮಂಕಾಗಿ ಮೂಲೆಯಲ್ಲಿ ಕೂಡುವುದು ಎಂದೇ ಹಲವರು ತಿಳಿದಿದ್ದಾರೆ. ಆದರೆ ಕೈ ಹಿಸುಕುತ್ತ, ಒಂದೇ ಸಮನೆ ತಿರುಗಾಡುವ ಖಿನ್ನತೆಯೂ ಇದೆ. ಉನ್ಮಾದದಲ್ಲಿ ಮೂರು ತಾಸು ಮಲಗಿ ಎದ್ದರೂ ದಣಿವಿಲ್ಲದ ಹುರುಪು ಚಡಪಡಿಕೆಯಾಗಿ ಕಾಣುತ್ತದೆ. ಗಮನದ ಕೊರತೆಯ ಮಕ್ಕಳು ಬೆಂಚಿನ ಮೇಲೆ ನಿಲ್ಲರು. ಮರೆಗುಳಿ ರೋಗದ ಹಿರಿಯರು ಸಂಜೆಯಾದರೆ ‘ಮನೀಗೆ ಹೋಗೂಣ ನಡ್ರಿ’ ಎಂದು ತಮ್ಮದೇ ಮನೆಯಿಂದ ಹೊರಡುತ್ತಾರೆ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ ಎದೆ ಬಡಿತ, ಬೆವರು, ತಳಮಳ ಬರುತ್ತವೆ. ಕಬ್ಬಿಣದ ಅಂಶ ಕಡಿಮೆಯಿದ್ದವರಲ್ಲಿ ರಾತ್ರಿ ಮಲಗಿದಾಗ ಕಾಲು ಜಗ್ಗಿದಂತಾಗಿ ನಿದ್ದೆ ಕೆಡುವುದುಂಟು.

ಜಲಪಾತವೂ ಜಲಾಶಯವೂ

ಚಡಪಡಿಕೆಗೆ ಎರಡು ಮುಖಗಳಿವೆ. ಒಂದು ಹೊರಗೆ ಕಾಣುವುದು: ಓಡಾಟ, ಕಾಲು ಕುಣಿಸುವುದು, ಕೈ ಹಿಸುಕುವುದು, ಕೂಗಾಟ. ಇನ್ನೊಂದು ಒಳಗೆ ಅನುಭವಕ್ಕೆ ಬರುವುದು: ಎದೆಯ ಕುದಿತ, ಏಳಲೇಬೇಕೆಂಬ ಒತ್ತಾಯ, ಮೈಯೊಳಗೇ ಇರಲಾರದಂಥ ಸಂಕಟ.

ನಮ್ಮ ಘಟಪ್ರಭೆಯನ್ನೇ ನೋಡಿ. ಮಳೆಗಾಲದಲ್ಲಿ ಗೋಕಾಕದಲ್ಲಿ ಸುಮಾರು 170 ಅಡಿ ಎತ್ತರದಿಂದ ಧುಮುಕುವಾಗ ಅದರ ಆರ್ಭಟ ಯಾರಿಗೂ ಗೊತ್ತಾಗುತ್ತದೆ. ಆದರೆ ಅದೇ ನದಿ ಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ ನಿಂತಾಗ ಕನ್ನಡಿಯಂತೆ ಕಾಣುತ್ತದೆ. ಒಳಗೆ 51 ಟಿಎಂಸಿಯವರೆಗೆ ನೀರು ಒತ್ತುತ್ತಿರಬಹುದು, ದಂಡೆಯಲ್ಲಿ ನಿಂತವನಿಗೆ ತಿಳಿಯುವುದಿಲ್ಲ. ಅದಕ್ಕಾಗಿಯೇ ಎಂಜಿನಿಯರರು ನೀರಿನ ಮಟ್ಟವನ್ನು ದಿನವೂ ಅಳೆದು ಬರೆದಿಡುತ್ತಾರೆ.

ಮನುಷ್ಯರಲ್ಲೂ ಹಾಗೆಯೇ. ಜಲಪಾತದಂಥ ಚಡಪಡಿಕೆಯನ್ನು ಊರೆಲ್ಲ ಗುರುತಿಸುತ್ತದೆ. ಜಲಾಶಯದಂಥದ್ದನ್ನು ಗುರುತಿಸಲು ಕೇಳಿಯೇ ತಿಳಿಯಬೇಕು. ತರಗತಿಯಲ್ಲಿ ಕೈಕಟ್ಟಿ ಸುಮ್ಮನೆ ಕುಳಿತ ಹುಡುಗಿಯ ಒಳಗೆ ಬೆಂಕಿ ಉರಿಯುತ್ತಿರಬಹುದು. ಅತ್ತ, ಇಡೀ ದಿನ ಕಾಲು ಅಲ್ಲಾಡಿಸುವವನಿಗೆ ಯಾವ ಸಂಕಟವೂ ಇರಲಿಕ್ಕಿಲ್ಲ. ಅದು ಬರೀ ರೂಢಿ.

ಅಳತೆಗೋಲುಗಳ ಕಥೆ

1901ರಲ್ಲಿ ಪ್ರಾಗ್‌ನ ವೈದ್ಯ ಲಾಡಿಸ್ಲಾವ್ ಹಾಶ್ಕೊವೆಟ್ಸ್ ಕುಳಿತುಕೊಳ್ಳಲಾಗದ ರೋಗಿಗಳ ಬಗ್ಗೆ ಬರೆದು, ಆ ಸ್ಥಿತಿಗೆ ‘ಅಕಥೀಸಿಯಾ’ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಈ ಶಬ್ದಕ್ಕೆ ‘ಕೂಡಲಾಗದಿರುವಿಕೆ’ ಎಂದೇ ಅರ್ಥ. ನಮ್ಮ ಕಡೆಯ ‘ಕುಂಡ್ರಾಕ ಆಗವಲ್ದು’ ಎಂಬುದರ ನೇರ ಹೆಸರು! ಆಗ ಇಂದಿನ ಮನೋರೋಗದ ಗುಳಿಗೆಗಳು ಇರಲಿಲ್ಲ. 1952ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂತು. ಸಾವಿರಾರು ರೋಗಿಗಳಿಗೆ ಅದು ಹೊಸ ಬದುಕು ಕೊಟ್ಟಿತು. ಜೊತೆಗೇ ಈ ಹಳೆಯ ಶಬ್ದ ಮತ್ತೆ ವೈದ್ಯರ ಬಾಯಿಗೆ ಬಂತು. ಈ ಗುಂಪಿನ ಔಷಧಿಗಳು ಕೆಲವರಲ್ಲಿ ಅದೇ ಸ್ಥಿತಿಯನ್ನು ಉಂಟುಮಾಡುವುದು ಕಂಡುಬಂತು.

ಔಷಧಿಗಳು ಹೆಚ್ಚಿದಂತೆ ಯಾವುದು ಎಷ್ಟು ಗುಣ ಕೊಟ್ಟಿತೆಂದು ತಿಳಿಯಲು ಅಳತೆಗಳೂ ಬೇಕಾದವು. 1960ರಲ್ಲಿ ಮ್ಯಾಕ್ಸ್ ಹ್ಯಾಮಿಲ್ಟನ್ ಖಿನ್ನತೆಯ ಅಳತೆಪಟ್ಟಿ ಪ್ರಕಟಿಸಿದರು; ಅದರಲ್ಲಿ ಚಡಪಡಿಕೆಗೆ ಒಂದು ಸಾಲು ಇದೆ. 1978ರಲ್ಲಿ ಯಂಗ್ ಮತ್ತು ಸಂಗಡಿಗರು ಉನ್ಮಾದಕ್ಕೆ ಪಟ್ಟಿ ಮಾಡಿದರು. 1987ರಲ್ಲಿ ಸ್ಕಿಜೊಫ್ರೇನಿಯಾಕ್ಕೆ ‘ಪ್ಯಾನ್ಸ್’ ಎಂಬ ಪಟ್ಟಿ ಬಂತು. ಅದರೊಳಗಿನ ಉದ್ರೇಕ, ಹಗೆತನ, ಬಿಗುವು, ಅಸಹಕಾರ, ತಡೆಯಲಾಗದ ಆವೇಗ ಎಂಬ ಐದು ಅಂಶಗಳನ್ನು ಕೂಡಿಸಿ ಉದ್ರಿಕ್ತತೆಯನ್ನು ಅಳೆಯುವ ರೂಢಿ ಬೆಳೆಯಿತು. 1989ರಲ್ಲಿ ಮದ್ಯ ಬಿಟ್ಟವರ ತೊಂದರೆ ಅಳೆಯುವ 10 ಅಂಶಗಳ, ಒಟ್ಟು 67 ಅಂಕಗಳ ಪಟ್ಟಿ ಪರಿಷ್ಕಾರಗೊಂಡಿತು. ಅದರಲ್ಲಿ ಚಡಪಡಿಕೆಗೆ 0ಯಿಂದ 7ರವರೆಗೆ ಅಂಕ. ವೃದ್ಧರಿಗಾಗಿ ಕೊಹೆನ್-ಮ್ಯಾನ್ಸ್‌ಫೀಲ್ಡ್ ರೂಪಿಸಿದ ಪಟ್ಟಿಯಲ್ಲಿ 29 ವರ್ತನೆಗಳಿವೆ.

ಹೀಗೆ ಪ್ರತಿಯೊಂದು ಕಾಯಿಲೆಯೂ ತನ್ನದೊಂದು ಗಜಕಡ್ಡಿ ಮಾಡಿಕೊಂಡಿತು.

ಎರಡು ನಿಮಿಷ ಕುಳಿತು, ಎರಡು ನಿಮಿಷ ನಿಂತು

ಇವುಗಳಲ್ಲಿ ಸರಳವೂ ಪ್ರಸಿದ್ಧವೂ ಆದದ್ದು ಬ್ರಿಟನ್ನಿನ ಮನೋವೈದ್ಯ ಥಾಮಸ್ ಬಾರ್ನ್ಸ್ 1989ರಲ್ಲಿ ಪ್ರಕಟಿಸಿದ ಅಕಥೀಸಿಯಾ ಅಳತೆ. ಯಾವ ಯಂತ್ರವೂ ಬೇಕಿಲ್ಲ. ವೈದ್ಯರು ರೋಗಿಯೊಡನೆ ಸಹಜವಾಗಿ ಮಾತಾಡುತ್ತ, ಕುಳಿತಾಗ ಕನಿಷ್ಠ ಎರಡು ನಿಮಿಷ, ನಿಂತಾಗ ಕನಿಷ್ಠ ಎರಡು ನಿಮಿಷ ಗಮನಿಸುತ್ತಾರೆ. ಆಮೇಲೆ ಒಳಗೆ ಹೇಗೆ ಅನಿಸುತ್ತದೆ ಎಂದು ಕೇಳುತ್ತಾರೆ.

ಅಂಕಗಳು ನಾಲ್ಕು ಬಗೆ. ಕಣ್ಣಿಗೆ ಕಂಡ ಚಲನೆಗೆ 0ಯಿಂದ 3. ಒಳಗಿನ ಚಡಪಡಿಕೆಯ ಅರಿವಿಗೆ 0ಯಿಂದ 3. ಅದರಿಂದಾಗುವ ಸಂಕಟಕ್ಕೆ 0ಯಿಂದ 3. ಕೊನೆಗೆ ಒಟ್ಟು ತೀರ್ಮಾನಕ್ಕೆ 0ಯಿಂದ 5.

ಈ ಅಳತೆಯ ಹೆಚ್ಚುಗಾರಿಕೆ ಎಲ್ಲಿದೆ? ಕಂಡದ್ದು, ಅನಿಸಿದ್ದು, ನೊಂದದ್ದು ಎಂಬ ಮೂರನ್ನೂ ಅದು ಬೇರೆ ಬೇರೆಯಾಗಿ ಇಡುತ್ತದೆ. ಚಲನೆ ಇದ್ದು ಅರಿವಾಗಲಿ ಸಂಕಟವಾಗಲಿ ಇಲ್ಲದಿದ್ದರೆ ಅದನ್ನು ನಿಜವಾದ ಅಕಥೀಸಿಯಾ ಎಂದು ಎಣಿಸುವುದಿಲ್ಲ. ಮೂಡಲಗಿಯ ನಮ್ಮ ಕಲ್ಪಿತ ಹುಡುಗಿಯನ್ನು ಯಾರಾದರೂ ಹೀಗೆ ನಾಲ್ಕು ನಿಮಿಷ ಗಮನಿಸಿ ಕೇಳಿದ್ದರೆ, ಅವಳು ‘ದನಿಗೋಳು ಹೋಗ್ಯಾವ್ರಿ, ಆದರ ಕಾಲು ನಿಲ್ಲವಲ್ವು’ ಎಂದು ಹೇಳುತ್ತಿದ್ದಳು. ಅಷ್ಟು ಸಾಕು, ಚಿಕಿತ್ಸೆಯ ದಿಕ್ಕೇ ಬದಲಾಗುತ್ತಿತ್ತು. ಈ ಸಂಕಟ ತಾಳಲಾರದೆ ಔಷಧಿಯನ್ನೇ ಬಿಟ್ಟವರಿದ್ದಾರೆ. ಜೀವ ಬೇಡವೆನ್ನುವ ವಿಚಾರಗಳೂ ಕೆಲವರಲ್ಲಿ ಬರುತ್ತವೆ. ಆದ್ದರಿಂದ ಇದನ್ನು ‘ಸ್ವಲ್ಪ ತ್ರಾಸು’ ಎಂದು ತಳ್ಳಿಹಾಕುವಂತಿಲ್ಲ.

ಒಂದೇ ಗಜಕಡ್ಡಿ ಎಲ್ಲರಿಗೂ ಸಾಕೆ?

ಇಂದಿನ ಮನೋವಿಜ್ಞಾನದ ಮುಂದಿರುವ ಪ್ರಶ್ನೆ ಇದು. ಖಿನ್ನತೆ, ಉನ್ಮಾದ, ಆತಂಕ, ಮರೆಗುಳಿತನ, ಎಲ್ಲದರಲ್ಲೂ ಕಾಣುವ ಚಡಪಡಿಕೆಯನ್ನು ಒಂದೇ ಅಳತೆಯಿಂದ ಅಳೆಯಬಹುದೆ? ಅಳೆದರೆ ಆಸ್ಪತ್ರೆಯಿಂದ ಆಸ್ಪತ್ರೆಗೆ, ರೋಗದಿಂದ ರೋಗಕ್ಕೆ ಹೋಲಿಸಿ ನೋಡಬಹುದು. ಆಸೆ ಒಳ್ಳೆಯದೇ. ಆದರೆ ತೊಡಕುಗಳಿವೆ.

ಮೊದಲನೆಯದು, ಈಗಿರುವ ಪಟ್ಟಿಗಳು ಒಂದೇ ಹೆಸರಿನಲ್ಲಿ ಬೇರೆ ಬೇರೆ ಸಂಗತಿಗಳನ್ನು ಅಳೆಯುತ್ತವೆ. ಪ್ಯಾನ್ಸ್‌ನ ಐದು ಅಂಶಗಳಲ್ಲಿ ಹಗೆತನವೂ ಅಸಹಕಾರವೂ ಸೇರಿವೆ. ಚಡಪಡಿಸುವವರೆಲ್ಲ ಜಗಳಗಂಟರಲ್ಲ, ಎಷ್ಟೋ ಜನ ಮೌನವಾಗಿ ಬೇಯುತ್ತಾರೆ. ಅಂಥವರು ಈ ಪಟ್ಟಿಯಲ್ಲಿ ಕಡಿಮೆ ಅಂಕ ಪಡೆದು ಕಣ್ಮರೆಯಾಗಬಹುದು.

ಎರಡನೆಯದು, ಖಿನ್ನತೆಯ ತಪಾಸಣೆಗೆ ಈಗ ಎಲ್ಲೆಡೆ ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ನೋಡಿ. ಅದರ ಎಂಟನೆಯ ಪ್ರಶ್ನೆ, ಮಾತು-ನಡೆ ಇತರರು ಗಮನಿಸುವಷ್ಟು ನಿಧಾನವಾಗಿದೆಯೇ ಅಥವಾ ಅದಕ್ಕೆ ವಿರುದ್ಧವಾಗಿ ಚಡಪಡಿಕೆ ಹೆಚ್ಚಿದೆಯೇ ಎಂದು ಎರಡನ್ನೂ ಒಟ್ಟಿಗೇ ಕೇಳುತ್ತದೆ. ಕಲ್ಲಿನಂತೆ ಕೂತವನಿಗೂ 3 ಅಂಕ, ರಾತ್ರಿಯಿಡೀ ತಿರುಗಿದವನಿಗೂ 3 ಅಂಕ! ಒಟ್ಟು ಅಂಕ ನೋಡಿ ಯಾರು ಯಾವ ಬಗೆಯವರೆಂದು ಹೇಳಲಾಗದು. ಆತಂಕದ ಏಳು ಪ್ರಶ್ನೆಗಳ ಪಟ್ಟಿ ಈ ವಿಷಯದಲ್ಲಿ ಮೇಲು. ಸುಮ್ಮನೆ ಕೂಡಲಾಗದಷ್ಟು ಚಡಪಡಿಕೆ ಇತ್ತೇ ಎಂದು ಅದು ನೇರವಾಗಿ ಕೇಳುತ್ತದೆ. ಎರಡೂ ಪಟ್ಟಿಗಳು ಕಳೆದ ಎರಡು ವಾರಗಳ ಬಗ್ಗೆ ಕೇಳುತ್ತವೆ. ಎರಡೂ ತಪಾಸಣೆಗೆ ಮಾತ್ರ, ರೋಗ ನಿರ್ಣಯಕ್ಕಲ್ಲ ಎಂಬುದನ್ನು ಮೊಬೈಲಿನಲ್ಲಿ ತುಂಬಿ ನೋಡುವ ವಿದ್ಯಾರ್ಥಿಗಳು ನೆನಪಿಡಬೇಕು.

ಮೂರನೆಯದು, ಯಂತ್ರದ ಮಿತಿ. ಕೈಗಡಿಯಾರದಂತೆ ಕಟ್ಟಿಕೊಂಡು ಚಲನೆ ಎಣಿಸುವ ಸಾಧನಗಳು ಬಂದಿವೆ. ಎಷ್ಟು ಸಲ ಎದ್ದೆ, ಎಷ್ಟು ನಡೆದೆ ಎಂಬುದನ್ನು ಅವು ತಪ್ಪದೆ ಹೇಳುತ್ತವೆ. ಆದರೆ ಕಬ್ಬಿನ ಗದ್ದೆಯಲ್ಲಿ ದುಡಿದವನ ನಡಿಗೆಗೂ ಸಂಕಟದಲ್ಲಿ ಪಡಸಾಲೆ ಸುತ್ತಿದವನ ನಡಿಗೆಗೂ ಇರುವ ವ್ಯತ್ಯಾಸ ಅವುಗಳಿಗೆ ತಿಳಿಯದು. ಅದನ್ನು ಮನುಷ್ಯನನ್ನೇ ಕೇಳಬೇಕು.

ಹಾಗಾಗಿ ಒಂದೇ ಅಂಕೆಯಲ್ಲಿ ಎಲ್ಲವನ್ನೂ ಹಿಡಿಯುವುದಕ್ಕಿಂತ, ಚಲನೆ, ಒಳಗಿನ ಅನುಭವ, ಸಂಕಟ, ಸಿಟ್ಟು ಇವನ್ನು ಬಿಡಿಬಿಡಿಯಾಗಿ ಅಳೆಯುವುದೇ ಸರಿಯಾದ ದಾರಿ ಎನ್ನಬೇಕಾಗುತ್ತದೆ.

ಯಾವ ಕನ್ನಡದಲ್ಲಿ ಕೇಳಬೇಕು?

ನಾಲ್ಕನೆಯ ತೊಡಕು ನಮ್ಮದೇ. ಈ ಪಟ್ಟಿಗಳೆಲ್ಲ ಹುಟ್ಟಿದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಕಳವಳ, ತಳಮಳ, ಚಡಪಡಿಕೆ, ಧಾವಂತ, ದುಗುಡ, ಉದ್ವೇಗ ಎಂದು ಎಷ್ಟೊಂದು ಶಬ್ದಗಳಿವೆ. ಕಳವಳದಲ್ಲಿ ಚಿಂತೆ ಇದೆ. ತಳಮಳದಲ್ಲಿ ಒಳಗಿನ ಕಲಕುವಿಕೆ ಇದೆ. ಚಡಪಡಿಕೆಯಲ್ಲಿ ಮೈಯೂ ಸೇರಿದೆ. ‘ತಮಗೆ ಆಂತರಿಕ ಅವಿಶ್ರಾಂತತೆಯ ಅನುಭವವಾಗುತ್ತಿದೆಯೇ?’ ಎಂದು ಪುಸ್ತಕದ ಭಾಷೆಯಲ್ಲಿ ಕೇಳಿದರೆ ಮೂಡಲಗಿ ಸಂತೆಗೆ ಬಂದ ತಾಯಿ ‘ಇಲ್ರಿ’ ಎಂದಾಳು. ‘ಕುಂತಾಗ ಎದ್ದ ಹೋಗಬೇಕ ಅನಸತೈತೇನವಾ?’ ಎಂದು ಕೇಳಿದರೆ ‘ಹೌದ್ರಿ, ಅದ ನನ್ನ ತ್ರಾಸು’ ಎಂದಾಳು. ಪ್ರಶ್ನೆ ತಪ್ಪಿದರೆ ಅಂಕವೂ ತಪ್ಪುತ್ತದೆ. ಅನುವಾದಿಸಿದ್ದನ್ನು ಇನ್ನೊಬ್ಬರಿಂದ ಮತ್ತೆ ಮೂಲ ಭಾಷೆಗೆ ತಿರುಗಿಸಿ ತಾಳೆ ನೋಡುವ ಪದ್ಧತಿ ಇರುವುದು ಇದಕ್ಕಾಗಿಯೇ.

ಈ ಕೆಲಸಕ್ಕೆ ಕರ್ನಾಟಕದಲ್ಲಿ ಒಳ್ಳೆಯ ಪರಂಪರೆ ಇದೆ. ಡಾ. ಆರ್.ಎಲ್. ಕಪೂರ್ ಮತ್ತು ಜಿ.ಎಂ. ಕಾರ್ಸ್ಟೈರ್ಸ್ ಕರಾವಳಿಯ ಕೋಟ ಗ್ರಾಮದಲ್ಲಿ ಜನರ ಮಾನಸಿಕ ತೊಂದರೆಗಳನ್ನು ಮನೆಮನೆಯಲ್ಲಿ ಕೇಳಿ ಅಧ್ಯಯನ ಮಾಡಿದರು. ಅದರ ಪುಸ್ತಕ 1976ರಲ್ಲಿ ಬಂತು. ಆ ಸಂದರ್ಭದಲ್ಲೇ ಭಾರತದ ಪರಿಸ್ಥಿತಿಗೆ ಹೊಂದುವ ಸಂದರ್ಶನದ ಪ್ರಶ್ನಾವಳಿಯನ್ನು ಸಿದ್ಧಪಡಿಸಿದರು. ಅದೇ 1976ರಲ್ಲಿ ಕನ್ನಡಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದದ್ದು ‘ಕೊರವಂಜಿ’ಯ ಸಂಪಾದಕರಾಗಿದ್ದ ಡಾ. ಎಂ. ಶಿವರಾಂ ಅವರ ‘ಮನಮಂಥನ’ ಎಂಬ ಮನೋವಿಜ್ಞಾನದ ಕೃತಿ. ಮುಂದೆ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮಾನಸಿಕ ಚಿಕಿತ್ಸೆಯ ತರಬೇತಿ ಕೊಟ್ಟಿತು. ಆ ಪ್ರಯೋಗವೇ 1996ರಲ್ಲಿ ಆರಂಭವಾದ ರಾಷ್ಟ್ರವ್ಯಾಪಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಆದರೂ ದಾರಿ ಬಹಳ ಉಳಿದಿದೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು, 13ರಿಂದ 17ರ ವಯಸ್ಸಿನವರಲ್ಲಿ ಶೇ. 7.3ರಷ್ಟು ಜನರಿಗೆ ಮಾನಸಿಕ ತೊಂದರೆಗಳಿದ್ದವು. ಕಾಯಿಲೆಗನುಗುಣವಾಗಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಪಾಲಕರ ಕೈಯಲ್ಲಿರುವ ಅಳತೆ

ಪಾಲಕರು ವೈದ್ಯರಾಗಬೇಕಿಲ್ಲ. ಅಂಕ ಹಾಕುವ ಕೆಲಸ ತಜ್ಞರಿಗಿರಲಿ. ಆದರೆ ತಜ್ಞರಿಗೆ ಸಿಗುವುದು ಹತ್ತು-ಹದಿನೈದು ನಿಮಿಷ. ಮನೆಯವರು ಕಾಣುವುದು ಇಡೀ ದಿನ. ಒಂದು ನೋಟ್‌ಬುಕ್ಕಿನಲ್ಲಿ ವಾರದ ಮಟ್ಟಿಗೆ ಈ ಐದು ಸಂಗತಿ ಬರೆದಿಟ್ಟರೆ ವೈದ್ಯರಿಗೆ ಅದು ಚಿನ್ನದಂಥ ಮಾಹಿತಿ.

ಒಂದು, ಯಾವಾಗ ಶುರುವಾಯಿತು? ಯಾವುದಾದರೂ ಹೊಸ ಗುಳಿಗೆ ಆರಂಭಿಸಿದ ಅಥವಾ ಹೆಚ್ಚಿಸಿದ ದಿನಗಳಲ್ಲಿಯೇ? ವಾಂತಿ ತಡೆಯುವ ಕೆಲವು ಔಷಧಿಗಳೂ ಅಕಥೀಸಿಯಾ ತರಬಲ್ಲವು.

ಎರಡು, ದಿನದ ಯಾವ ಹೊತ್ತಿನಲ್ಲಿ ಹೆಚ್ಚು? ಬೆಳಗಿನ ಜಾವವೇ, ಸಂಜೆಯೇ, ಮಲಗಿದಾಗಲೇ?

ಮೂರು, ನಿದ್ದೆ ಎಷ್ಟು ತಾಸು? ನಿದ್ದೆಯಿಲ್ಲದೆ ದಣಿದಿದ್ದಾರೆಯೇ, ಅಥವಾ ನಿದ್ದೆಯಿಲ್ಲದೆಯೂ ಅತಿ ಹುರುಪಿನಲ್ಲಿದ್ದಾರೆಯೇ? ಎರಡನೆಯದಾದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಉನ್ಮಾದದ ಒಲವಿರುವವರಿಗೆ ಖಿನ್ನತೆಯ ಗುಳಿಗೆಯನ್ನಷ್ಟೇ ಕೊಟ್ಟರೆ ಚಡಪಡಿಕೆ ಉಲ್ಬಣಿಸಬಹುದು.

ನಾಲ್ಕು, ಏನು ಮಾಡಿದರೆ ತಗ್ಗುತ್ತದೆ? ಮಾತಾಡಿದರೆ ಹಗುರಾಗುತ್ತದೆಯೇ, ನಡೆದಾಡಿದರೆ ಮಾತ್ರವೇ, ಯಾವುದರಿಂದಲೂ ಇಲ್ಲವೇ?

ಐದು, ಅವರದೇ ಮಾತು. ‘ಒಳಗ ಹ್ಯಾಂಗ ಅನಸತೈತಿ?’ ಎಂದು ಕೇಳಿ, ಹೇಳಿದ್ದನ್ನು ತಿದ್ದದೆ, ಅವರ ಶಬ್ದಗಳಲ್ಲೇ ಬರೆಯಿರಿ.

ಚಡಪಡಿಕೆ ಎರಡು ವಾರ ಮೀರಿದರೆ, ಓದು-ಊಟ-ನಿದ್ದೆ ಕೆಟ್ಟರೆ, ‘ಗಾಳಿ ಸೋಕು’, ‘ಮೊಂಡುತನ’ ಎಂದು ದಿನ ದೂಡಬೇಡಿ. ಮೊದಲು ತಾಲೂಕಾ ಆಸ್ಪತ್ರೆಗೆ ಹೋಗಿ. ಮನೋವೈದ್ಯರು ಬರುವ ದಿನವನ್ನು ಅಲ್ಲಿ ಕೇಳಿ ತಿಳಿಯಿರಿ. ಥೈರಾಯ್ಡ್, ರಕ್ತಹೀನತೆಯ ಪರೀಕ್ಷೆಯೂ ಆಗಲಿ. ಮುಂದಿನ ಚಿಕಿತ್ಸೆಗೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್ ಇವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವಿದ್ಯಾರ್ಥಿಗಳು ತಾವಾಗಿಯೇ ಕರೆ ಮಾಡಬಹುದು.

ಕೆಲವು ಸಂದರ್ಭಗಳಲ್ಲಿ ಕಾಯಬಾರದು. ಸಾಯುವ ಮಾತು ಬಂದರೆ, ಕುಡಿತ ಬಿಟ್ಟವರಿಗೆ ನಡುಕ ಮತ್ತು ಬೆವರು ಹೆಚ್ಚಿದರೆ, ಜ್ವರದೊಡನೆ ಗುರುತು ತಪ್ಪಿದರೆ ಅದೇ ಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಜೀವ ಬೇಡವೆನ್ನುವವರನ್ನು ಒಂಟಿಯಾಗಿ ಬಿಡಬಾರದು. ಗುಳಿಗೆಯಿಂದಲೇ ತ್ರಾಸೆಂದು ಅನುಮಾನ ಬಂದರೂ ತಾವಾಗಿಯೇ ನಿಲ್ಲಿಸಬಾರದು, ಹೆಚ್ಚಿಸಲೂಬಾರದು. ಬರೆದುಕೊಟ್ಟ ವೈದ್ಯರಿಗೆ ತಕ್ಷಣ ತಿಳಿಸಬೇಕು. ಇದಕ್ಕೆ ಪರಿಹಾರ ಇದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ಪರೀಕ್ಷೆಯ ಮುನ್ನಾ ದಿನದ ಎದೆಬಡಿತ ಕಾಯಿಲೆಯಲ್ಲ. ಅದು ಪರೀಕ್ಷೆಯೊಡನೆ ಬಂದು ಪರೀಕ್ಷೆಯೊಡನೆ ಹೋಗುತ್ತದೆ. ಹೋಗದಿದ್ದರೆ ಮುಚ್ಚಿಡಬೇಡಿ. ಅಪ್ಪ-ಅವ್ವನಿಗೆ, ಆಗದಿದ್ದರೆ ನಂಬಿಗಸ್ಥ ಗುರುಗಳಿಗೆ ಹೇಳಿ. ಒಳ್ಳೆಯ ಶಬ್ದ ಹುಡುಕುತ್ತ ಕೂಡುವುದು ಬೇಡ. ‘ಕುಂತಲ್ಲಿ ಕುಂಡ್ರಾಕ ಆಗವಲ್ದು’ ಎಂಬ ಮಾತೇ ವೈದ್ಯರಿಗೆ ಸಾಕು. ಅಳತೆ ಅಲ್ಲಿಂದಲೇ ಆರಂಭವಾಗುತ್ತದೆ.